ಮಗ್ದಲಿನ್ ಹೆಸರು, ಕುಡುಕನ ಅಳು

ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಮಗ್ದಲಿನ್ ಅನ್ನುವ ಹೆಸರು ಹೊಸದಲ್ಲ. ಹಿಂದಿನ ತಲೆಮಾರಿನ ಬಾಯಮ್ಮಂದಿರನ್ನು ಕೇಳಿ ನೋಡಿ. ಇದೇ ಹೆಸರು ಇಂಗ್ಲಿಷ್‌ನಲ್ಲಿ ಗೇಲಿಯ ಮಾತಾಗಿದೆ ಅಂದರೆ ಅವರು ನಂಬಲಿಕ್ಕಿಲ್ಲ. ಆ ಪದ 'ಮಾಡ್ಲಿನ್'. ಸಣ್ಣದಕ್ಕೂ ಕರಗಿ ಕಣ್ಣೀರಿಡುವುದು, ಅದರಲ್ಲೂ ಎರಡು ಪೆಗ್ ಒಳಗೆ ಹೋದ ಮೇಲೆ "ನೀನೇ ನನ್ನ ತಮ್ಮ ಮಾರಾಯ" ಅಂತ ಹೆಗಲ ಮೇಲೆ ಬಿದ್ದು ಅಳುವುದು.

ಮೂಲ ಇರುವುದು ಬೈಬಲಿನಲ್ಲಿ. ಗಲಿಲಾಯ ಸರೋವರದ ದಡದ ಮಗ್ದಲ ಊರಿನ ಮರಿಯಳು ಯೇಸುವಿನ ಸಮಾಧಿಯ ಹೊರಗೆ ನಿಂತು ಅಳುತ್ತಾಳೆ. ಸತ್ತವರಿಗಾಗಿ ಅಳುವುದರಲ್ಲಿ ನಗುವಂಥದ್ದು ಏನಿದೆ? ಆದರೆ ಲೂಕನ ಸುವಾರ್ತೆಯಲ್ಲಿ ಇನ್ನೊಬ್ಬಳಿದ್ದಾಳೆ. ಪಾಪಿ ಅನ್ನಿಸಿಕೊಂಡವಳು, ಕಣ್ಣೀರಿನಿಂದ ಯೇಸುವಿನ ಪಾದ ತೊಳೆದವಳು. ಅವಳಿಗೆ ಹೆಸರಿಲ್ಲ. 591ರಲ್ಲಿ ಪೋಪ್ ಒಂದನೇ ಗ್ರೆಗರಿ ಪ್ರವಚನದಲ್ಲಿ ಇಬ್ಬರೂ ಒಬ್ಬಳೇ ಅಂದುಬಿಟ್ಟರು. ಅವಳ ಪಾಪವೂ ಕಣ್ಣೀರೂ ಈ ಬಡಪಾಯಿಯ ತಲೆಗೆ ಬಂದವು. ಆಮೇಲೆ ಯುರೋಪಿನ ಚಿತ್ರಕಾರರು ನೂರಾರು ವರ್ಷ ಅವಳನ್ನು ಕೂದಲು ಬಿಚ್ಚಿ ಅಳಿಸಿದ್ದೇ ಅಳಿಸಿದ್ದು.

ಫ್ರೆಂಚರ ಬಾಯಲ್ಲಿ ಹೆಸರಿನ ಗಕಾರ ಬಿದ್ದುಹೋಯಿತು. ಇಂಗ್ಲಿಷಿಗೆ ಬಂದದ್ದು ಆ ಸವೆದ ರೂಪ. 1458ರಲ್ಲಿ ಶುರುವಾದ ಆಕ್ಸ್‌ಫರ್ಡಿನ ಮಗ್ದಲೆನ್ ಕಾಲೇಜನ್ನು ಇವತ್ತಿಗೂ ಮಾಡ್ಲಿನ್ ಅಂತಲೇ ಕರೆಯುತ್ತಾರೆ. ಬರೆಯುವುದು ಒಂದು, ಓದುವುದು ಇನ್ನೊಂದು!

ಈ ಹೆಸರು ಹೆಂಡದಂಗಡಿ ಹೊಕ್ಕದ್ದು ಹದಿನಾರನೇ ಶತಮಾನದಲ್ಲಿ. 1592ರಲ್ಲಿ ಥಾಮಸ್ ನ್ಯಾಶ್ ಅನ್ನುವ ಲೇಖಕ ಕುಡುಕರಲ್ಲಿ ಎಂಟು ಬಗೆ ಗುರುತಿಸಿದ. ಐದನೆಯವನು ಮಾಡ್ಲಿನ್ ಕುಡುಕ. ಕುಡಿಯುತ್ತಾ ಪ್ರೀತಿ ಉಕ್ಕಿ ಅಳುತ್ತಾನೆ, ಮುತ್ತಿಡುತ್ತಾನೆ. ನಾಲ್ಕು ಶತಮಾನ ಕಳೆದರೂ ಗುರುತು ಸಿಗುತ್ತದೆ, ಅಲ್ವಾ?

ಚರ್ಚು 1969ರಲ್ಲಿ ಪಂಚಾಂಗ ತಿದ್ದುವಾಗ ಆ ಇಬ್ಬರು ಹೆಂಗಸರನ್ನು ಬೇರೆ ಮಾಡಿತು. 2016ರಲ್ಲಿ ಮರಿಯಳ ದಿನವಾದ ಜುಲೈ 22ಕ್ಕೆ ಹಬ್ಬದ ದರ್ಜೆಯೂ ಸಿಕ್ಕಿತು. ನಿಘಂಟಿನಲ್ಲಿ ಮಾತ್ರ ಅವಳು ಇನ್ನೂ ಕುಡುಕರ ಜೊತೆಗೇ ಇದ್ದಾಳೆ.

ಕನ್ನಡಕ್ಕೆ ಏನನ್ನೋಣ? 'ಅಳುಬುರುಕ' ಮಕ್ಕಳಿಗೆ ಸರಿ. ಮೊಸಳೆ ಕಣ್ಣೀರಿನಲ್ಲಿ ಮೋಸ ಇದೆ. ಇವನು ನಿಜವಾಗಿಯೇ ಅಳುತ್ತಾನೆ. ಬೆಳಿಗ್ಗೆ ನೆನಪಿರುವುದಿಲ್ಲ, ಅಷ್ಟೆ.