ವರ್ಷದ ನಡುವೆ ಪೋಸ್ಟಿಂಗ್ ಬಂದರೆ ಮಗುವಿನ ಓದು ಏನಾಗಬೇಕು?

ಪ್ರಶ್ನೆ: ನಮ್ಮ ಯಜಮಾನರು ಸೇನೆಯಲ್ಲಿದ್ದಾರೆ. ಅಕ್ಟೋಬರಿನಲ್ಲಿ ಪೋಸ್ಟಿಂಗ್ ಆರ್ಡರ್ ಬಂದಿದೆ. ಮಗಳು ಕೇಂದ್ರೀಯ ವಿದ್ಯಾಲಯದಲ್ಲಿ ಏಳನೇ ಕ್ಲಾಸು, ಈಗಾಗಲೇ ಮೂರು ಶಾಲೆ ನೋಡಿದ್ದಾಳೆ. ಅವಳಿಗೆ ಪೆಟ್ಟು ಬೀಳದ ಹಾಗೆ ಶಾಲೆ ಬದಲಿಸುವುದು ಹೇಗೆ?

ಉತ್ತರ: ಸೀಟಿನ ಬಗ್ಗೆ ಹೆಚ್ಚು ಚಿಂತೆ ಬೇಡ. 1963ರಲ್ಲಿ ಕೇಂದ್ರೀಯ ವಿದ್ಯಾಲಯಗಳು ಶುರುವಾದದ್ದೇ ಊರೂರಿಗೆ ವರ್ಗವಾಗುವವರ ಮಕ್ಕಳಿಗಾಗಿ. ಮಕ್ಕಳು ಎಡವುವುದು ಎರಡು ಶಾಲೆಗಳ ನಡುವೆ ಬಿಟ್ಟುಹೋಗುವ ಪಾಠದಲ್ಲಿ.

ಮೊದಲು ಕಾಗದಪತ್ರ. ಮೂವ್‌ಮೆಂಟ್ ಆರ್ಡರಿನ ಪ್ರತಿ, ಟಿಸಿ, ಕೊನೆಯ ಪರೀಕ್ಷೆಯ ಅಂಕಪಟ್ಟಿ ಇವು ನಿಮ್ಮ ಕೈಚೀಲದಲ್ಲಿರಲಿ, ಲಾರಿಗೆ ಹಾಕಬೇಡಿ. ಟಿಸಿ ಕೈಗೆ ಬಂದ ಕೂಡಲೇ ಹೆಸರು, ಹುಟ್ಟಿದ ದಿನಾಂಕವನ್ನು ಜನನ ಪ್ರಮಾಣಪತ್ರ ಮತ್ತು ಆಧಾರ್ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಿ. ನಮ್ಮ ಕಡೆಯ ಇನಿಷಿಯಲ್ ಉತ್ತರದ ಶಾಲೆಯ ರಿಜಿಸ್ಟರಿನಲ್ಲಿ ಸರ್‌ನೇಮ್ ಆಗಿಬಿಡುವುದುಂಟು. ಒಂಬತ್ತನೇ ಕ್ಲಾಸಿನ ಸಿಬಿಎಸ್‌ಇ ನೋಂದಣಿಗೂ ಅದೇ ಹೆಸರು ಹೋದರೆ ಆಮೇಲೆ ತಿದ್ದಿಸಲು ಬಹಳ ಅಲೆಯಬೇಕು. ಇನ್ನೊಂದು: ದೇಶದ ಶಾಲಾ ಮಕ್ಕಳ ದಾಖಲೆ ಇಡುವ ಯುಡೈಸ್ ಪ್ಲಸ್ ಪೋರ್ಟಲ್‌ನಲ್ಲಿ ಹಳೆಯ ಶಾಲೆ ಮಗುವಿನ ದಾಖಲೆಯನ್ನು ‘ಡ್ರಾಪ್‌ಬಾಕ್ಸ್’ಗೆ, ಅಂದರೆ ಶಾಲೆ ಬಿಟ್ಟವರ ಪಟ್ಟಿಗೆ, ಹಾಕದಿದ್ದರೆ ಹೊಸ ಶಾಲೆ ಅದನ್ನು ಎಳೆದುಕೊಳ್ಳಲಾಗದು. ಅದೇ ಪೋರ್ಟಲ್ ಮಗುವಿಗೆ ಕೊಟ್ಟಿರುವ ಪೆನ್ (ಶಾಶ್ವತ ಶಿಕ್ಷಣ ಸಂಖ್ಯೆ) ಬರೆದುಕೊಂಡು, ಆ ಕೆಲಸ ಆಗಿದೆಯೇ ಎಂದು ಹೊರಡುವ ಮೊದಲೇ ಕೇಳಿ.

ಈಗ ಪಾಠ. ಎರಡೂ ಕಡೆ ಎನ್‌ಸಿಇಆರ್‌ಟಿ ಪುಸ್ತಕವೇ ಇದ್ದರೂ ಯಾವ ಪಾಠ ಎಷ್ಟು ಬೇಗ ಮುಗಿದಿದೆ ಎಂಬುದು ಒಂದೇ ಆಗಿರುವುದಿಲ್ಲ. ಅದಕ್ಕೆ ಪ್ರತಿ ಪುಸ್ತಕದ ಪರಿವಿಡಿಯನ್ನು ಜೆರಾಕ್ಸ್ ಮಾಡಿಸಿ, ಮುಗಿದ ಪಾಠಗಳಿಗೆ ಆಯಾ ಟೀಚರ್ ಹತ್ತಿರ ಟಿಕ್ ಹಾಕಿಸಿ. ಹೊಸ ಶಾಲೆಯಲ್ಲೂ ಹಾಗೇ ಮಾಡಿ. ಎರಡು ಸಲ ಕೇಳಿದ ಪಾಠದಿಂದ ನಷ್ಟವಿಲ್ಲ. ಹೊಸ ಶಾಲೆಯಲ್ಲಿ ಮುಗಿದು, ಹಳೆಯ ಶಾಲೆಯಲ್ಲಿ ಇನ್ನೂ ಶುರುವಾಗದ ಪಾಠವೇ ಅಪಾಯ. ಋಣ ಸಂಖ್ಯೆಗಳ ಗುಣಾಕಾರ ಹೀಗೆ ತಪ್ಪಿಹೋದರೆ ಮುಂದೆ ಸಮೀಕರಣ ಬಿಡಿಸುವಾಗ ಪ್ರತಿ ಸಲ ಚಿಹ್ನೆ ತಪ್ಪುತ್ತದೆ. ಟೀಚರು ಅದನ್ನು ಅಜಾಗರೂಕತೆ ಎಂದುಕೊಳ್ಳುತ್ತಾರೆ, ಮಗು ತನಗೆ ಗಣಿತ ಬರುವುದಿಲ್ಲ ಎಂದುಕೊಳ್ಳುತ್ತದೆ. ಗಣಿತ, ವಿಜ್ಞಾನದ ಇಂಥ ಪಾಠಗಳನ್ನು ಮೊದಲು ಹಿಡಿಯಿರಿ, ದಿನಕ್ಕೆ ಮುಕ್ಕಾಲು ಗಂಟೆ ಸಾಕು. ಸಮಾಜ ವಿಜ್ಞಾನವನ್ನು ಅವಳೇ ಓದಿಕೊಳ್ಳಬಲ್ಲಳು.

ಆರ್ಡರ್ ಬಂದ ವಾರದಲ್ಲೇ ಅವಳಿಗೆ ಹೇಳಿ. ಪ್ಯಾಕಿಂಗ್ ಶುರುವಾದ ಮೇಲೆ ತಿಳಿದರೆ ಗೆಳತಿಯರಿಗೆ ಸರಿಯಾಗಿ ವಿದಾಯ ಹೇಳಲು ದಿನವೇ ಉಳಿಯದು. ಒಂದು ಟ್ರಂಕು ಪೂರ್ತಿ ಅವಳದಾಗಲಿ. ಅದರಲ್ಲಿ ಏನಿರಬೇಕೆಂದು ಅವಳೇ ತೀರ್ಮಾನಿಸಲಿ, ಲಾರಿಗೆ ಕೊನೆಗೆ ಏರಿ ಅಲ್ಲಿ ಮೊದಲು ಇಳಿಯಲಿ. ಅವಳು ಶಾಲೆಯಲ್ಲಿದ್ದಾಗ, ಭಾರ ಕಡಿಮೆಯಾಗಲೆಂದು ಅವಳ ಸಾಮಾನು ಯಾರಿಗೋ ಕೊಟ್ಟುಬಿಡಬೇಡಿ. ತುಂಬಾ ಮನೆಗಳಲ್ಲಿ ಆಗುವ ತಪ್ಪಿದು, ಮಕ್ಕಳು ಇದನ್ನು ಮರೆಯುವುದಿಲ್ಲ.

ಮುಂದಿನ ಪೋಸ್ಟಿಂಗಿನ ಲೆಕ್ಕವನ್ನೂ ಈಗಲೇ ಹಾಕಿಡಿ. ಹತ್ತು, ಹನ್ನೆರಡನೇ ಕ್ಲಾಸಿಗೆ ನಡುವೆ ಸೇರಬೇಕಾದರೆ ಪೋಷಕರ ವರ್ಗಾವಣೆಯ ದಾಖಲೆ ತೋರಿಸಿ ಸಿಬಿಎಸ್‌ಇ ಅನುಮತಿ ಪಡೆಯಬೇಕು, ಆಗ ವಿಷಯ ಬದಲಿಸುವುದೂ ಕಷ್ಟ. ಬೋರ್ಡ್ ಪರೀಕ್ಷೆಯ ಕಾರಣ ಕೊಟ್ಟು ಅದೇ ಸ್ಟೇಷನ್ನಿನಲ್ಲಿ ಉಳಿಯಲು ಮನವಿ ಸಲ್ಲಿಸಬಹುದು. ಆ ಮಾತನ್ನು ಯಜಮಾನರು ಯೂನಿಟ್ಟಿನಲ್ಲಿ, ಅವಳು ಒಂಬತ್ತರಲ್ಲಿ ಇರುವಾಗಲೇ ಎತ್ತಲಿ.