ಬಿಲ್ಲುಗಾಲಿಗೆಲ್ಲ ಕ್ಯಾಲ್ಸಿಯಂ ಮದ್ದಲ್ಲ

ಕಾಲು ಬಾಗಿದ ಮಗುವನ್ನು ಕರೆತರುವ ತಂದೆತಾಯಿಯರ ಫೈಲಿನಲ್ಲಿ ಕ್ಯಾಲ್ಸಿಯಂ ಸಿರಪ್ಪಿನ ಚೀಟಿಗಳೂ, ವಾರಕ್ಕೊಂದರಂತೆ 60,000 ಯೂನಿಟ್‌ಗಳ ವಿಟಮಿನ್ ಡಿ ಪುಡಿ ಕೊಡಿ ಎಂದು ಮತ್ತೆ ಮತ್ತೆ ಬರೆದ ಚೀಟಿಗಳೂ ತುಂಬಿರುತ್ತವೆ. ಪೋಷಣೆಯ ಕೊರತೆಯಿಂದ ಮಕ್ಕಳ ಮೂಳೆ ಮೆತ್ತಗಾಗಿ ಬಾಗುವ ರಿಕೆಟ್ಸ್ ನಮ್ಮಲ್ಲಿ ಇನ್ನೂ ಇರುವುದರಿಂದ ಮೊದಲ ಕೋರ್ಸಿನ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಮೂರನೆಯದರ ಬಗ್ಗೆ. ಕೊರತೆಯೇ ಕಾರಣವಾಗಿದ್ದು ಔಷಧಿ ಸರಿಯಾಗಿ ಹೊಟ್ಟೆ ಸೇರಿದ್ದರೆ, ಮೂರು ತಿಂಗಳೊಳಗೆ ಎಕ್ಸ್-ರೇಯಲ್ಲಿ ಮೂಳೆಯ ತುದಿ ಮಾಯುತ್ತಿರುವುದು ಕಾಣಬೇಕು. ಕಾಣದಿದ್ದರೆ ಡೋಸು ಹೆಚ್ಚಿಸುವುದು ಚಿಕಿತ್ಸೆಯಲ್ಲ.

ಹಾಗೆ ಮಾಯದ ರಿಕೆಟ್ಸ್‌ನ ಆನುವಂಶಿಕ ಕಾರಣಗಳಲ್ಲಿ ಮುಖ್ಯವಾದದ್ದು ಎಕ್ಸ್-ಲಿಂಕ್ಡ್ ಹೈಪೋಫಾಸ್ಫಟೀಮಿಯಾ, ಚಿಕ್ಕದಾಗಿ ಎಕ್ಸ್‌ಎಲ್‌ಎಚ್. ಸುಮಾರು 20,000 ಮಕ್ಕಳಲ್ಲಿ ಒಬ್ಬರಿಗೆ ಬರುವ ಈ ಕಾಯಿಲೆಯಲ್ಲಿ ಎಕ್ಸ್ ಕ್ರೋಮೋಸೋಮಿನ ಮೇಲಿನ ಫೆಕ್ಸ್ ಜೀನು ಕೆಟ್ಟು, ಮೂಳೆಯಿಂದ ಎಫ್‌ಜಿಎಫ್-23 ಎಂಬ ಹಾರ್ಮೋನು ಅತಿಯಾಗಿ ಹೊರಟು, ಮೂಳೆ ಗಟ್ಟಿಯಾಗಲು ಬೇಕಾದ ಫಾಸ್ಫೇಟನ್ನು ಕಿಡ್ನಿಯು ಮೂತ್ರದಲ್ಲಿ ಚೆಲ್ಲಿಬಿಡುತ್ತದೆ. ಕ್ಯಾಲ್ಸಿಯಂ ಮಾತ್ರ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ.

"ಫಾಸ್ಫರಸ್ಸೂ ನಾರ್ಮಲ್ ಬಂದಿದೆಯಲ್ಲ ಡಾಕ್ಟ್ರೇ" ಎನ್ನುತ್ತಾರೆ ಪೋಷಕರು, ರಿಪೋರ್ಟಿನ ಮೇಲೆ ಬೆರಳಿಟ್ಟು. ಲ್ಯಾಬಿನವರು ಫಾಸ್ಫೇಟನ್ನು ಫಾಸ್ಫರಸ್ ಎಂದೇ ಬರೆಯುತ್ತಾರೆ. 2.8 ಎಂದಿದೆ, ಪಕ್ಕದಲ್ಲಿ 2.5ರಿಂದ 4.5 ಎಂದು ಅಚ್ಚಾಗಿದೆ, ಸ್ಟಾರ್ ಗುರುತಿಲ್ಲ. ಆದರೆ ಆ ಮಿತಿ ದೊಡ್ಡವರದು. ಬೆಳೆಯುವ ಮಗುವಿನ ರಕ್ತದಲ್ಲಿ ಫಾಸ್ಫೇಟ್ ದೊಡ್ಡವರಿಗಿಂತ ಹೆಚ್ಚಿರಬೇಕು. ಎರಡು-ಮೂರು ವರ್ಷದ ಮಗುವಿಗೆ, ಲ್ಯಾಬಿನಿಂದ ಲ್ಯಾಬಿಗೆ ತುಸು ವ್ಯತ್ಯಾಸವಿದ್ದರೂ, ಸರಿಸುಮಾರು 4ರ ಮೇಲಿರಬೇಕು. ಅಂದರೆ ಅಜ್ಜನಿಗೆ ಸರಿಯಾದ 2.8 ಮೊಮ್ಮಗನಿಗೆ ರೋಗ. ಇದನ್ನು ಪೋಷಕರಿಗೆ ದಿನವೂ ಹೇಳುತ್ತೇನೆ, ಬೇಸರವಿಲ್ಲ. ವೈದ್ಯರಿಗೂ ಹೇಳಬೇಕಾಗಿ ಬಂದಾಗ ಮಾತ್ರ ಸಿಟ್ಟು ಬರುತ್ತದೆ.

ಇಷ್ಟಾದರೂ ಸಂಖ್ಯೆಯೊಂದರಿಂದಲೇ ತೀರ್ಮಾನಕ್ಕೆ ಬರಬಾರದು. ರಿಕೆಟ್ಸ್‌ನಲ್ಲಿ ಏರುವ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ, ರಕ್ತದ ಕ್ಯಾಲ್ಸಿಯಂ ನಿಯಂತ್ರಿಸುವ ಪ್ಯಾರಾಥೈರಾಯ್ಡ್ ಹಾರ್ಮೋನ್ ಮತ್ತು ಮೂತ್ರದ ಫಾಸ್ಫೇಟನ್ನು ನೋಡಿ, ಕಿಡ್ನಿಯ ಇತರ ದೋಷಗಳನ್ನು ತಳ್ಳಿಹಾಕಬೇಕು. ಸಾಧ್ಯವಾದರೆ ಜೀನ್ ಪರೀಕ್ಷೆಯೂ ಆಗಬೇಕು. ಜೊತೆಗೆ, ಮಗುವನ್ನು ಎತ್ತಿಕೊಂಡು ಒಳಬರುವವರ ನಡಿಗೆಯನ್ನೂ ನೋಡಬೇಕು. "ಬಸುರಿಯಲ್ಲಿ ಹಾಲು ಕುಡಿ ಅಂದರೆ ಕುಡಿಯಲಿಲ್ಲ" ಎಂದು ಅತ್ತೆಯೊಬ್ಬರು ಸೊಸೆಯನ್ನು ದೂರುತ್ತಿದ್ದಾಗ ನಾನು ನೋಡುತ್ತಿದ್ದುದು ಮಗುವಿನ ತಂದೆಯನ್ನು: ಗಿಡ್ಡ ಮೈಕಟ್ಟು, ಬಾಗಿದ ಮೊಣಕಾಲು, ಹುಳುಕಿಲ್ಲದ ಹಲ್ಲಿಗೂ ಆಗಾಗ ಕೀವಾಗುತ್ತಿತ್ತೆಂದು ಕೇಳಿದ ಮೇಲೆ ಹೇಳಿದರು. ಕಂಕುಳಲ್ಲಿದ್ದದ್ದು ಹೆಣ್ಣುಮಗು. ಇದು ತಂದೆಯಿಂದ ಮಗಳಿಗೆ ಬರುವ ಕಾಯಿಲೆ ಎಂದೆ. ಅತ್ತೆಯವರು ಆಮೇಲೆ ಮಾತಾಡಲಿಲ್ಲ. ಆ ಸೊಸೆಯ ಮುಖ ನೋಡಿ ನನಗೆ ಸಂತೋಷವಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಚಿಕಿತ್ಸೆಯೆಂದರೆ ದಿನಕ್ಕೆ ನಾಲ್ಕೈದು ಬಾರಿ ಫಾಸ್ಫೇಟ್, ಜೊತೆಗೆ ಸಕ್ರಿಯ ರೂಪದ ವಿಟಮಿನ್ ಡಿ ಔಷಧಿಗಳಾದ ಕ್ಯಾಲ್ಸಿಟ್ರಿಯಾಲ್ ಅಥವಾ ಆಲ್ಫಾಕ್ಯಾಲ್ಸಿಡಾಲ್. ಅಳತೆ ಮೀರಿದರೆ ಕಿಡ್ನಿಯಲ್ಲಿ ಕ್ಯಾಲ್ಸಿಯಂ ಕೂರುವುದರಿಂದ ತಪಾಸಣೆ ತಪ್ಪಿಸುವಂತಿಲ್ಲ. 2018ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಬುರೋಸುಮಾಬ್ ಎಂಬ ಔಷಧಿ ಎಫ್‌ಜಿಎಫ್-23ನ್ನೇ ತಡೆಯುತ್ತದೆ, ಆದರೆ ಅದರ ಬೆಲೆ ನಮ್ಮ ಬಹುತೇಕ ಮನೆಗಳ ಕೈಗೆಟುಕುವಂಥದ್ದಲ್ಲ.

ತಂದೆಗೆ ಈ ಕಾಯಿಲೆಯಿದ್ದರೆ ಅವರ ಹೆಣ್ಣುಮಕ್ಕಳಿಗೆಲ್ಲ ಬರುತ್ತದೆ, ಗಂಡುಮಕ್ಕಳಿಗೆ ಅವರಿಂದ ಬರುವುದಿಲ್ಲ; ತಾಯಿಗಿದ್ದರೆ ಗಂಡಾಗಲಿ ಹೆಣ್ಣಾಗಲಿ ಪ್ರತಿ ಮಗುವಿಗೂ ಅರ್ಧದಷ್ಟು ಸಾಧ್ಯತೆ. ಆದ್ದರಿಂದ ಇಂಥ ಮನೆಯಲ್ಲಿ ಮತ್ತೊಂದು ಮಗು ಹುಟ್ಟಿದರೆ ಕಾಲು ಬಾಗುವವರೆಗೆ ಕಾಯದೆ ಕರೆತನ್ನಿ. ಮೊದಲ ಕೆಲವು ತಿಂಗಳು ಫಾಸ್ಫೇಟ್ ಮಗುವಿನ ವಯಸ್ಸಿಗೆ ತಕ್ಕಂತೆಯೇ ಬರಬಹುದು. ಹಾಗೆ ಬಂದರೂ ಪರೀಕ್ಷೆಯನ್ನು ಮತ್ತೆ ಮಾಡಿಸಬೇಕು.