ಪದ ಪರಿಚಯ: ಎಸ್‌ಕ್ಯೂಲೈಟ್‌ನ ಪ್ರಿಪೇರ್ಡ್ ಸ್ಟೇಟ್‌ಮೆಂಟ್

ಎಸ್‌ಕ್ಯೂಲೈಟ್‌ಗೆ ಸರ್ವರ್ ಎಂಬುದಿಲ್ಲ. ನಮ್ಮ ಪ್ರೋಗ್ರಾಮಿನೊಳಗೇ ಸೇರಿಕೊಂಡು ಡೇಟಾಬೇಸನ್ನು ನಡೆಸುವ ಸಿ ಲೈಬ್ರರಿ ಅದು. ಡೇಟಾಬೇಸ್ ಎಂದರೆ ಡಿಸ್ಕಿನಲ್ಲಿರುವ ಒಂದು ಫೈಲು. ಕೊಟ್ಟ ಎಸ್‌ಕ್ಯೂಎಲ್ (ಡೇಟಾಬೇಸಿಗೆ ಆಜ್ಞೆ ಕೊಡುವ ಭಾಷೆ) ವಾಕ್ಯವನ್ನು ಲೈಬ್ರರಿ ಮೊದಲು ತಾನು ಓಡಿಸಬಲ್ಲ ಸೂಚನೆಗಳಿಗೆ, ಅಂದರೆ ಬೈಟ್‌ಕೋಡ್‌ಗೆ, ಕಂಪೈಲ್ ಮಾಡುತ್ತದೆ. ಹೀಗೆ ಕಂಪೈಲಾಗಿ ಓಡಲು ಸಿದ್ಧವಾದ ವಾಕ್ಯವೇ ಪ್ರಿಪೇರ್ಡ್ ಸ್ಟೇಟ್‌ಮೆಂಟ್. ಇದು ಬರೀ ಪಠ್ಯವಲ್ಲ. ತುಂಬಿದ ಬೆಲೆಗಳು (ವ್ಯಾಲ್ಯೂಗಳು), ಯಾವ ಸಾಲಿನವರೆಗೆ ಓದಿದೆ ಎಂಬ ಗುರುತು, ಫೈಲಿನ ಮೇಲಿನ ಲಾಕ್ ಎಲ್ಲವೂ ಇದಕ್ಕೆ ಅಂಟಿಕೊಂಡಿರುತ್ತವೆ. ಬಗ್‌ಗಳು ಹುಟ್ಟುವುದೂ ಬಹುತೇಕ ಇಲ್ಲಿಂದಲೇ.

ಫಂಕ್ಷನ್‌ಗಳ ಸರಣಿ ಚಿಕ್ಕದು: ಓಪನ್, ಪ್ರಿಪೇರ್_ವಿ2, ಬೈಂಡ್, ಸ್ಟೆಪ್, ಕಾಲಮ್, ರೀಸೆಟ್, ಫೈನಲೈಜ್, ಕ್ಲೋಸ್. ಬೈಂಡ್ ಬೆಲೆ ತುಂಬುತ್ತದೆ, ಸ್ಟೆಪ್ ವಾಕ್ಯವನ್ನು ಓಡಿಸುತ್ತದೆ, ಕಾಲಮ್ ಸಿಕ್ಕ ಸಾಲಿನ ಬೆಲೆ ಓದುತ್ತದೆ, ರೀಸೆಟ್ ವಾಕ್ಯವನ್ನು ಮತ್ತೆ ಆರಂಭಕ್ಕೆ ತರುತ್ತದೆ, ಫೈನಲೈಜ್ ಅದನ್ನು ಅಳಿಸುತ್ತದೆ. (ಪ್ರತಿ ಹೆಸರಿನ ಮುಂದೆ ಬರುವ ‘ಎಸ್‌ಕ್ಯೂಲೈಟ್3_’ ಅನ್ನು ಇಲ್ಲಿ ಬಿಟ್ಟಿದ್ದೇವೆ.) ವಿ2 ಇಲ್ಲದ ಹಳೆಯ ಪ್ರಿಪೇರ್ ಇನ್ನೂ ಇದೆ, ಹೊಸ ಕೋಡಿನಲ್ಲಿ ಅದು ಬೇಡ. ಟೇಬಲಿನ ರಚನೆ ಬದಲಾದರೆ ವಿ2 ತಾನೇ ಮತ್ತೆ ಕಂಪೈಲ್ ಮಾಡಿಕೊಳ್ಳುತ್ತದೆ, ನಿಖರವಾದ ಎರರ್ ಕೋಡನ್ನೂ ಸ್ಟೆಪ್‌ನಿಂದಲೇ ಕೊಡುತ್ತದೆ.

ಬೆಲೆ ಬರಬೇಕಾದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತೇವೆ. ಅದಕ್ಕೆ ಉದ್ಧರಣ ಚಿಹ್ನೆ ಸುತ್ತಿದಿರೋ, ಅದು ಬರೀ ಒಂದು ಅಕ್ಷರವಾಗುತ್ತದೆ. ಬೈಂಡ್ ಮಾಡಲು ಹೋದರೆ 25, ಅಂದರೆ ರೇಂಜ್ ಎರರ್. ಟೇಬಲ್ ಅಥವಾ ಕಾಲಮಿನ ಹೆಸರನ್ನು ಹೀಗೆ ತುಂಬಲು ಬರುವುದಿಲ್ಲ. ಬೈಂಡ್‌ನ ಎಣಿಕೆ 1ರಿಂದ, ಕಾಲಮ್‌ನ ಎಣಿಕೆ 0ಯಿಂದ ಶುರು: ಪಳಗಿದವರೂ ಇಲ್ಲಿ ಎಡವುತ್ತಾರೆ.

ಬೈಂಡ್_ಟೆಕ್ಸ್ಟ್‌ಗೆ ಕೊಡುವ ಉದ್ದ ಅಕ್ಷರಗಳದ್ದಲ್ಲ, ಬೈಟ್‌ಗಳದ್ದು. ಯುಟಿಎಫ್-8ರಲ್ಲಿ ‘ಕನ್ನಡ’ ಎಂದರೆ 5 ಕೋಡ್‌ಪಾಯಿಂಟ್ (ಯೂನಿಕೋಡ್ ಸಂಕೇತ), 15 ಬೈಟ್. 5 ಎಂದು ಕೊಟ್ಟರೆ ‘ಕ’ ಪೂರ್ತಿ, ‘ನ’ ಮುಕ್ಕಾಗಿ ಫೈಲು ಸೇರುತ್ತದೆ, ಎರರ್ ಬರುವುದಿಲ್ಲ. ಸೊನ್ನೆ ಬೈಟಿನಿಂದ ಮುಗಿಯುವ ಪಠ್ಯವಾದರೆ -1 ಕೊಡಿ, ಉದ್ದವನ್ನು ಅದೇ ಅಳೆದುಕೊಳ್ಳುತ್ತದೆ. ಕೊನೆಯ ಆರ್ಗ್ಯುಮೆಂಟ್ ಟ್ರಾನ್ಸಿಯೆಂಟ್ ಆಗಿದ್ದರೆ ಲೈಬ್ರರಿ ಪಠ್ಯದ ನಕಲು ಮಾಡಿಕೊಳ್ಳುತ್ತದೆ. ಸ್ಟ್ಯಾಟಿಕ್ ಎಂದು ಹೇಳಿ, ಸ್ಟೆಪ್‌ಗೆ ಮೊದಲೇ ಆ ಬಫರನ್ನು ಫ್ರೀ ಮಾಡಿದರೆ ಒಳಗೆ ಹೋಗುವುದು ಕಸ.

ಸ್ಟೆಪ್ 100 ಕೊಟ್ಟರೆ ಒಂದು ಸಾಲು ಸಿಕ್ಕಿದೆ, 101 ಕೊಟ್ಟರೆ ಕೆಲಸ ಮುಗಿದಿದೆ, 5 ಕೊಟ್ಟರೆ ಲಾಕ್ ಬೇರೆಯವರ ಕೈಯಲ್ಲಿದೆ. ಸಾಲು ಸೇರಿಸುವ ಇನ್‌ಸರ್ಟ್ ಲೂಪಿನಲ್ಲಿ ರೀಸೆಟ್ ಮರೆತರೆ ಏನಾಗುತ್ತದೆ ನೋಡಿ. ಎರಡನೇ ಸುತ್ತಿನ ಬೈಂಡ್ 21, ಅಂದರೆ ಮಿಸ್‌ಯೂಸ್ ಎಂದು ತಿರಸ್ಕರಿಸುತ್ತದೆ. ಬೈಂಡ್‌ನ ರಿಟರ್ನ್ ಬೆಲೆಯನ್ನು ನೋಡುವವರೇ ಕಡಿಮೆ. ಮುಂದಿನ ಸ್ಟೆಪ್ ತಾನಾಗಿ ರೀಸೆಟ್ ಮಾಡಿಕೊಂಡು ಹಳೆಯ ಬೆಲೆಗಳನ್ನೇ ಮತ್ತೆ ತುರುಕುತ್ತದೆ. ಸಾವಿರ ಸಾಲೂ ಮೊದಲನೆಯದರ ಪಡಿಯಚ್ಚು! ರೀಸೆಟ್ ಮಾಡಿದರೂ ತುಂಬಿದ ಬೆಲೆಗಳು ಅಳಿಯುವುದಿಲ್ಲ. ಅದಕ್ಕೆ ಕ್ಲಿಯರ್_ಬೈಂಡಿಂಗ್ಸ್ ಬೇರೆಯೇ ಇದೆ. ಇಡೀ ಲೂಪನ್ನು ಒಂದೇ ಟ್ರಾನ್ಸಾಕ್ಷನ್‌ನೊಳಗೆ (ಒಟ್ಟಿಗೇ ಉಳಿಯುವ ಇಲ್ಲವೇ ಒಟ್ಟಿಗೇ ರದ್ದಾಗುವ ಕೆಲಸಗಳ ಗುಂಪು) ಇಡಿ, ಇಲ್ಲವಾದರೆ ಪ್ರತಿ ಸಾಲಿಗೂ ಪ್ರತ್ಯೇಕ ಕಮಿಟ್ (ಡಿಸ್ಕಿನಲ್ಲಿ ಖಾಯಂ ಮಾಡುವುದು) ಆಗಿ, ಡಿಸ್ಕಿಗಾಗಿ ಕಾಯುವುದರಲ್ಲೇ ಹೊತ್ತು ಹೋಗುತ್ತದೆ.

ಸಾಲು ಓದುವ ಸೆಲೆಕ್ಟ್‌ನಲ್ಲಿ ತೊಂದರೆ ಇನ್ನೊಂದು ಬಗೆಯದು. ಮೊದಲ ಸಾಲು ಸಿಕ್ಕಿತೆಂದು ರೀಸೆಟ್ ಮಾಡದೆ ಹೊರಬಂದರೆ ಓದುವ ಟ್ರಾನ್ಸಾಕ್ಷನ್ ತೆರೆದೇ ಇರುತ್ತದೆ. ಮಾಮೂಲಿ ಜರ್ನಲ್ ಮೋಡಿನಲ್ಲಿ (ಬದಲಿಸುವ ಮುನ್ನ ಹಳೆಯದನ್ನು ಜರ್ನಲ್ ಫೈಲಿಗೆ ಬರೆದಿಡುವ ಬಗೆ) ಇನ್ನೊಂದು ಕನೆಕ್ಷನ್ನಿನ ಕಮಿಟ್‌ಗೆ 5 ಸಿಗುತ್ತದೆ. ವಾಲ್ (ರೈಟ್-ಅಹೆಡ್ ಲಾಗ್: ಬದಲಾವಣೆಗಳನ್ನು ಮೊದಲು ಬೇರೆ ಫೈಲಿಗೆ ಬರೆಯುವ ಬಗೆ) ಮೋಡಿನಲ್ಲಿ ಬರೆಯುವವರಿಗೆ ಅಡ್ಡಿಯಿಲ್ಲ, ಆದರೆ ಚೆಕ್‌ಪಾಯಿಂಟ್ (ಅದರಲ್ಲಿರುವುದನ್ನು ಮೂಲ ಫೈಲಿಗೆ ಸೇರಿಸುವ ಕೆಲಸ) ಪೂರ್ಣವಾಗದೆ ವಾಲ್ ಫೈಲು ಬೆಳೆಯುತ್ತಲೇ ಹೋಗುತ್ತದೆ. ಕಾಲಮ್_ಟೆಕ್ಸ್ಟ್ ಕೊಟ್ಟ ಪಾಯಿಂಟರ್ ಮುಂದಿನ ಸ್ಟೆಪ್, ರೀಸೆಟ್ ಅಥವಾ ಫೈನಲೈಜ್‌ವರೆಗಷ್ಟೇ ಬಾಳುತ್ತದೆ. ಆಮೇಲೂ ಬೇಕಿದ್ದರೆ ನಕಲು ಮಾಡಿಟ್ಟುಕೊಳ್ಳಿ.

ಕ್ಲೋಸ್ ಕೂಡ 5 ಕೊಟ್ಟಿತೆಂದರೆ ಸಾಮಾನ್ಯವಾಗಿ ಯಾವುದೋ ಸ್ಟೇಟ್‌ಮೆಂಟ್ ಫೈನಲೈಜ್ ಆಗದೆ ಉಳಿದಿದೆ. ಕ್ಲೋಸ್_ವಿ2 ಈ ದೂರನ್ನು ನುಂಗಿಕೊಂಡು ಕನೆಕ್ಷನ್ನನ್ನು ಕೊನೆಯ ಸ್ಟೇಟ್‌ಮೆಂಟ್ ಹೋಗುವವರೆಗೆ ಅರೆಜೀವದಲ್ಲಿ ಇಡುತ್ತದೆ. ಕಸ ತಾನೇ ಗುಡಿಸಿಕೊಳ್ಳುವ ಭಾಷೆಗಳಿಗೆ ಅದು ಸರಿ, ಸಿ ಬರೆಯುವಾಗ ಮಾತ್ರ ಸೋರಿಕೆಯನ್ನು ಮರೆಮಾಚುತ್ತದೆ. ನೆಕ್ಸ್ಟ್_ಎಸ್‌ಟಿಎಂಟಿ ಫಂಕ್ಷನ್‌ಗೆ ಮೊದಲು ನಲ್ ಕೊಟ್ಟು, ಆಮೇಲೆ ಸಿಕ್ಕಿದ್ದನ್ನೇ ಕೊಡುತ್ತಾ ಹೋದರೆ ಉಳಿದವೆಲ್ಲ ಒಂದೊಂದಾಗಿ ಸಿಗುತ್ತವೆ. ಪ್ರತಿಯೊಂದನ್ನೂ ‘ಎಸ್‌ಕ್ಯೂಎಲ್’ ಎಂಬ ಹೆಸರಿನ ಫಂಕ್ಷನ್‌ಗೆ ಕೊಟ್ಟರೆ ಅದರ ಮೂಲ ವಾಕ್ಯ ತೆರೆಯ ಮೇಲೆ ಮುದ್ರಿಸಲು ಬರುತ್ತದೆ.